ಕಿಲೋಮೀಟರ್ ಅಷ್ಟೇ ಇದೆ, ಸುಸ್ತು ಮಾತ್ರ ಜಾಸ್ತಿ: ಓಟ, ಆನ್‌ಕಾಲ್ ಕೆಲಸ, ಸಂಬಳದ ಒಂದು ಪ್ರಕರಣ

ಹವ್ಯಾಸಕ್ಕೆ ಓಡೋರ ಒಂದು ಸಣ್ಣ ಗುಂಪಿಗೆ ನಾನು ಟ್ರೈನಿಂಗ್ ಪ್ಲಾನ್ ಹಾಕಿಕೊಡ್ತೀನಿ, ಅವರ ಜೊತೆ ಓಡ್ತೀನಿ ಕೂಡ. ಈ ಪ್ರಕರಣ ಆ ಗುಂಪಿನಲ್ಲಿರೋ ಒಬ್ಬರದು. ಅವರ ಒಪ್ಪಿಗೆ ತಗೊಂಡೇ ಬರೀತಿದೀನಿ, ಗುರುತು ಸಿಗೋ ವಿವರ ಎಲ್ಲ ತೆಗೆದಿದೀನಿ. ಯಾಕೆ ಇಷ್ಟು ಉದ್ದಕ್ಕೆ ಬರೀಬೇಕು ಅನ್ನಿಸ್ತು ಅಂದ್ರೆ, ಓಟದವರು ಸೇರಿದ್ರೆ ಶೂ, ಪೇಸ್, ಮೊಣಕಾಲು ಅಂತ ಮಾತಾಡ್ತಾರೆ, ಆಫೀಸಿನವರು ಸೇರಿದ್ರೆ ಹೈಕ್, ಪ್ರಮೋಷನ್, ಮ್ಯಾನೇಜರ್ ಅಂತ ಮಾತಾಡ್ತಾರೆ, ಆದ್ರೆ ಎರಡನ್ನೂ ಒಂದೇ ಹಾಳೆ ಮೇಲೆ ಇಟ್ಟು ನೋಡೋರು ತುಂಬಾ ಕಮ್ಮಿ. ಈ ಕೇಸಲ್ಲಿ ಹಂಗೆ ಇಟ್ಟು ನೋಡಿದ್ಮೇಲೇ ವಿಷಯ ಏನು ಅಂತ ಗೊತ್ತಾಗಿದ್ದು.

ಅವರಿಗೆ 38 ವರ್ಷ. ಒಂದು ಕಂಪನಿಯಲ್ಲಿ ಸಿಸ್ಟಂ ಸಪೋರ್ಟ್ ಕೆಲಸ, ಅಂದ್ರೆ ಹಗಲು ಮಾಮೂಲಿ ಕೆಲಸದ ಜೊತೆಗೆ ಸರದಿ ಪ್ರಕಾರ ರಾತ್ರಿ ಆನ್‌ಕಾಲ್ ಇರಬೇಕು, ಏನಾದ್ರೂ ಕೈಕೊಟ್ಟರೆ ಫೋನ್ ಬರತ್ತೆ, ಎದ್ದು ಲ್ಯಾಪ್‌ಟಾಪ್ ತೆಗೀಬೇಕು. ಐದು ವರ್ಷದಿಂದ ಓಡ್ತಿದ್ರು. ವಾರಕ್ಕೆ ನಾಲ್ಕು ದಿನ, ಒಟ್ಟು ಸುಮಾರು 35 ಕಿ.ಮೀ. ಹಾಫ್ ಮ್ಯಾರಥಾನ್ (21.1 ಕಿ.ಮೀ.) ಬೆಸ್ಟ್ ಟೈಮ್ 2 ಗಂಟೆ 16 ನಿಮಿಷ, ಈ ಸಲ 2 ಗಂಟೆ 10 ನಿಮಿಷದೊಳಗೆ ಮುಗಿಸ್ಬೇಕು ಅಂತ ಆಸೆ. ಅಷ್ಟು ಬೇಕಂದ್ರೆ ಕಿಲೋಮೀಟರಿಗೆ 6 ನಿಮಿಷ 9 ಸೆಕೆಂಡ್ ಆಸುಪಾಸಲ್ಲಿ ಓಡಬೇಕು, ಅವರ ಮಟ್ಟಿಗೆ ಅದು ಅತಿಯಾಸೆ ಏನಲ್ಲ. 14 ವಾರದ ಪ್ಲಾನ್ ಹಾಕಿಕೊಂಡ್ವಿ, ಮೊದಲ ನಾಲ್ಕು ವಾರ ಚೆನ್ನಾಗೇ ಹೋಯ್ತು.

ಐದನೇ ವಾರದಿಂದ ಎಡವಟ್ಟು ಶುರು. ಈಸಿ ರನ್ ಈಸಿ ಅನ್ನಿಸ್ತಿಲ್ಲ ಅಂದ್ರು. ಟೆಂಪೋ ರನ್ (ಒಂದೇ ಸಮನೆ ಜೋರಾಗಿ ಓಡೋದು) ಅರ್ಧಕ್ಕೇ ನಿಲ್ಲಿಸಿದ್ರು. ಎದ್ದ ತಕ್ಷಣದ ನಾಡಿ ಮೊದಲು 57 ಇರ್ತಿತ್ತು, ಅದು 60, 62 ಆಗಿ ಕೊನೆಗೆ 65ರಲ್ಲಿ ನಿಂತುಬಿಡ್ತು. ಬಲಗಾಲಿನ ಮೊಣಕಾಲ ಕೆಳಗೆ ಮೂಳೆಯ ಒಳಅಂಚಿನಲ್ಲಿ ನೋವು. ಎಲ್ಲಕ್ಕಿಂತ ಹೆಚ್ಚಾಗಿ, ಯಾವತ್ತೂ ಓಟ ತಪ್ಪಿಸದ ಮನುಷ್ಯೆ "ಇವತ್ತು ಶೂ ನೋಡಿದ್ರೇ ಬೇಜಾರಾಗತ್ತೆ" ಅಂತ ಮೆಸೇಜ್ ಹಾಕಿದ್ರು.

ಗುಂಪಲ್ಲಿ ಸಲಹೆಗೇನು ಕೊರತೆ? ಒಬ್ಬರು ಶೂ ಬದಲಾಯಿಸಿ ಅಂದ್ರು, ಇನ್ನೊಬ್ಬರು ಇನ್ನೂ ಬೇಗ ಎದ್ದು ಓಡಿ ಆಫೀಸ್ ಟೆನ್ಶನ್ ತಲೆಗೆ ಏರಲ್ಲ ಅಂದ್ರು, ಮತ್ತೊಬ್ಬರು ಮನಸ್ಸು ಗಟ್ಟಿ ಮಾಡ್ಕೋಬೇಕು ಅಷ್ಟೇ ಅಂದ್ರು. ಈ ಕೊನೇ ಸಲಹೆ ಕೇಳಿದಾಗ ನನಗೆ ನಿಜಕ್ಕೂ ಕೋಪ ಬರತ್ತೆ. ಮನಸ್ಸು ಗಟ್ಟಿ ಇಲ್ಲದೋರು ಐದು ವರ್ಷ ಬೆಳಗಿನ ಜಾವ ಎದ್ದು ಓಡ್ತಾರಾ?

ಮೊದಲು ದೇಹದ ವಿಚಾರ

ಕೆಲಸದ ಒತ್ತಡ ಅಂತ ಷರಾ ಬರೆಯೋ ಮುಂಚೆ ಬೇರೆ ಕಾರಣ ಇದೆಯಾ ಅಂತ ನೋಡಲೇಬೇಕು, ಇದರಲ್ಲಿ ರಾಜಿ ಬೇಡ. ಸುಸ್ತು, ಏರಿದ ನಾಡಿ, ಕುಗ್ಗಿದ ವೇಗ ಇವೆಲ್ಲ ರಕ್ತಹೀನತೆ, ಕಬ್ಬಿಣದ ಅಂಶದ ಕೊರತೆ, ಥೈರಾಯ್ಡ್, ಪೂರ್ತಿ ವಾಸಿಯಾಗದ ವೈರಲ್ ಜ್ವರ ಯಾವುದರಿಂದ ಬೇಕಾದ್ರೂ ಬರಬಹುದು. ಡಾಕ್ಟರ್ ಹತ್ರ ಕಳಿಸಿದೆ. ಹಿಮೋಗ್ಲೋಬಿನ್, ಫೆರಿಟಿನ್ (ದೇಹ ಕೂಡಿಟ್ಟ ಕಬ್ಬಿಣದ ಅಳತೆ), ಥೈರಾಯ್ಡ್ ಮೂರೂ ಸರಿಯಾಗಿ ಬಂತು. ಹಿಮೋಗ್ಲೋಬಿನ್ ಸರಿ ಇದ್ರೂ ಫೆರಿಟಿನ್ ಇಳಿದಿರೋದು ಓಡೋ ಹೆಣ್ಣುಮಕ್ಕಳಲ್ಲಿ ಸಾಮಾನ್ಯ, ಅದಕ್ಕೇ ಎರಡನ್ನೂ ಕೇಳಿ ಮಾಡಿಸಿಕೊಳ್ಳಿ ಅಂತ ಹೇಳ್ತೀನಿ.

ಕಾಲು ನೋವಲ್ಲಿ ನೋಡಬೇಕಾದ್ದು ಅದು ಎಷ್ಟು ಜಾಗ ಹಿಡಿದಿದೆ ಅನ್ನೋದು. ಬೆರಳಿಂದ ಒತ್ತಿದಾಗ ಮೂಳೆಯ ಒಳಅಂಚಿನ ಉದ್ದಕ್ಕೂ 5 ಸೆಂ.ಮೀ.ಗಿಂತ ಹೆಚ್ಚು ಜಾಗದಲ್ಲಿ ಹರಡಿ ನೋವಿದ್ರೆ ಅದು ಹೆಚ್ಚಾಗಿ ಶಿನ್ ಸ್ಪ್ಲಿಂಟ್ಸ್ (ಓಟದ ಭಾರಕ್ಕೆ ಮೂಳೆಯ ಅಂಚಲ್ಲಿ ಬರೋ ನೋವು), ಅದೇ ಒಂದೇ ಪಾಯಿಂಟಲ್ಲಿ ಚುಚ್ಚಿದಂಗೆ ನೋವಿದ್ದು ರಾತ್ರಿ ಮಲಗಿದಾಗಲೂ ನೋಯ್ತಿದ್ರೆ ಸ್ಟ್ರೆಸ್ ಫ್ರ್ಯಾಕ್ಚರ್ (ಮೂಳೆಯಲ್ಲಿ ಸಣ್ಣ ಬಿರುಕು) ಇರಬಹುದು, ಆಗ ಓಟ ಅಲ್ಲೇ ನಿಲ್ಲಿಸಿ ತೋರಿಸಬೇಕು. ಇವರದ್ದು ಹರಡಿದ ನೋವು. ಫಿಸಿಯೋ ಕೂಡ ಅದನ್ನೇ ಹೇಳಿದ್ರು.

ಊಟದ ವಿಷಯ ಕೇಳಿದಾಗ ಒಂದು ಸುಳಿವು ಸಿಕ್ತು. ಮಧ್ಯಾಹ್ನದ ಊಟದ ಹೊತ್ತಿಗೇ ದಿನಾ ಮೀಟಿಂಗ್, ವಾರದಲ್ಲಿ ಮೂರು ದಿನವಾದ್ರೂ ಊಟ ನಾಲ್ಕು ಗಂಟೆಗೆ, ಇಲ್ಲಾಂದ್ರೆ ಇಲ್ಲವೇ ಇಲ್ಲ. ತಿನ್ನೋದು ಕಮ್ಮಿಯಾಗಿ ಓಟ ಅಷ್ಟೇ ಇದ್ರೆ ದೇಹಕ್ಕೆ ರಿಪೇರಿ ಮಾಡ್ಕೊಳ್ಳೋಕೆ ಶಕ್ತಿ ಉಳಿಯಲ್ಲ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದಕ್ಕೆ ರೆಡ್-ಎಸ್ (ಕ್ರೀಡೆಯಲ್ಲಿ ಆಗೋ ಶಕ್ತಿಯ ಕೊರತೆ) ಅನ್ನೋ ಹೆಸರು ಕೊಟ್ಟು ಮೂಳೆ, ಹಾರ್ಮೋನ್, ಋತುಚಕ್ರ, ರೋಗನಿರೋಧಕ ಶಕ್ತಿ ಎಲ್ಲದರ ಮೇಲೂ ಇದರ ಪರಿಣಾಮ ಇದೆ ಅಂತ ವಿವರಿಸಿತು. ಇವರು ಆ ಹಂತಕ್ಕೆ ಹೋಗಿರಲಿಲ್ಲ, ಋತುಚಕ್ರ ಮಾಮೂಲಿಯಾಗಿತ್ತು. ಆದ್ರೆ ಇಲ್ಲಿ ಗಮನಿಸಿ, ಊಟ ತಪ್ಪಿಸ್ತಿದ್ದಿದ್ದು ಡಯಟ್ ಅಲ್ಲ, ಕೆಲಸ.

ಡೈರಿಯಲ್ಲಿ ಕಂಡಿದ್ದು

ನಮ್ಮ ಗುಂಪಲ್ಲಿ ಪ್ರತಿ ಓಟದ ನಂತರ ಎರಡು ಸಂಖ್ಯೆ ಬರೆಯೋ ರೂಢಿ ಇದೆ: ಎಷ್ಟು ನಿಮಿಷ ಓಡಿದ್ರಿ, ಸೊನ್ನೆಯಿಂದ ಹತ್ತರ ಅಳತೆಯಲ್ಲಿ ಎಷ್ಟು ಕಷ್ಟ ಅನ್ನಿಸ್ತು. ಎರಡನ್ನೂ ಗುಣಿಸಿದ್ರೆ ಆ ದಿನದ ಲೋಡ್. ಗುನ್ನಾರ್ ಬೋರ್ಗ್ ಮಾಡಿದ ಶ್ರಮದ ಅಳತೆಯನ್ನ ಇಟ್ಕೊಂಡು ಕಾರ್ಲ್ ಫಾಸ್ಟರ್ ಅನ್ನೋ ವ್ಯಾಯಾಮ ವಿಜ್ಞಾನಿ ರೂಢಿಗೆ ತಂದ ಸರಳ ಲೆಕ್ಕ ಇದು, ಯಾವ ವಾಚೂ ಬೇಕಾಗಿಲ್ಲ.

ಮೂರನೇ ವಾರದ ಲೆಕ್ಕ ನೋಡಿ. ಈಸಿ ರನ್ 50 ನಿಮಿಷ, ಕಷ್ಟ 3, ಅಂದ್ರೆ 150. ಟೆಂಪೋ ದಿನ 45 ನಿಮಿಷ, ಕಷ್ಟ 7, ಅಂದ್ರೆ 315. ಇನ್ನೊಂದು ಈಸಿ 40 ನಿಮಿಷ, 3ರ ಲೆಕ್ಕದಲ್ಲಿ 120. ಲಾಂಗ್ ರನ್ 110 ನಿಮಿಷ, ಕಷ್ಟ 4, ಅಂದ್ರೆ 440. ಒಟ್ಟು 1025. ಈಗ ಏಳನೇ ವಾರ. ಅದೇ ನಾಲ್ಕು ಓಟ, ಅಷ್ಟೇ ನಿಮಿಷ, ಆದ್ರೆ ಈಸಿ ರನ್‌ಗಳಿಗೆ 5, ಟೆಂಪೋಗೆ 9, ಲಾಂಗ್ ರನ್‌ಗೆ 6 ಅಂತ ಬರೆದಿದ್ದಾರೆ. 250, 405, 200, 660. ಒಟ್ಟು 1515. ಪ್ಲಾನಲ್ಲಿ ಒಂದು ಕಿಲೋಮೀಟರ್ ಹೆಚ್ಚಿಲ್ಲ, ದೇಹ ಹೊತ್ತ ಭಾರ ಮಾತ್ರ ಹತ್ತತ್ರ ಅರ್ಧದಷ್ಟು ಜಾಸ್ತಿ ಆಗಿದೆ. ಬರೀ ಕಿಲೋಮೀಟರ್ ನೋಡ್ತಾ ಇದ್ದಿದ್ರೆ ಇದು ಯಾರ ಕಣ್ಣಿಗೂ ಬೀಳ್ತಿರಲಿಲ್ಲ.

"ಕಷ್ಟ ಅನ್ನಿಸೋದು ಬರೀ ಮನಸ್ಸಿನ ಭ್ರಮೆ" ಅನ್ನೋರಿಗೆ ನಾನು ಒಂದು ಪ್ರಯೋಗ ಹೇಳ್ತೀನಿ. ಸ್ಯಾಮುಯೆಲೆ ಮಾರ್ಕೋರಾ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ್ದು. 16 ಜನರನ್ನ ಒಂದು ದಿನ 90 ನಿಮಿಷ ತಲೆ ತಿನ್ನೋ ಕಂಪ್ಯೂಟರ್ ಕೆಲಸಕ್ಕೆ ಕೂರಿಸಿ, ಇನ್ನೊಂದು ದಿನ ಅಷ್ಟೇ ಹೊತ್ತು ಸುಮ್ಮನೆ ಡಾಕ್ಯುಮೆಂಟರಿ ತೋರಿಸಿ, ಆಮೇಲೆ ಸುಸ್ತಾಗಿ ನಿಲ್ಲಿಸೋವರೆಗೂ ಸೈಕಲ್ ತುಳಿಸಿದ್ರು. ತಲೆ ದಣಿದಿದ್ದ ದಿನ ಸರಾಸರಿ 640 ಸೆಕೆಂಡ್ ತುಳಿದ್ರು, ಇನ್ನೊಂದು ದಿನ 754. ಹೃದಯ, ಉಸಿರು, ಸ್ನಾಯು ಇವು ಮಿತಿ ಹಾಕಿದಂಗೆ ಕಾಣಲಿಲ್ಲ, ಬದಲಾಗಿದ್ದು ಅದೇ ಕೆಲಸ ಎಷ್ಟು ಕಷ್ಟ ಅನ್ನಿಸ್ತು ಅನ್ನೋದು. ಅಂದ್ರೆ ಆಫೀಸಿಂದ ತಲೆ ಹಣ್ಣಾಗಿ ಬಂದೋರಿಗೆ ಅದೇ ರಸ್ತೆ, ಅದೇ ವೇಗ ಹೆಚ್ಚು ಭಾರ ಅನ್ನಿಸೋದು ಸೋಮಾರಿತನ ಅಲ್ಲ.

ಹಾಗಾದ್ರೆ ಐದನೇ ವಾರದಲ್ಲಿ ಆಗಿದ್ದೇನು? ಕೇಳಿದಾಗ ಅವರು ಮೊದಲು ಹೇಳಿದ್ದು "ವಿಶೇಷ ಏನಿಲ್ಲ" ಅಂತಲೇ. ಆಮೇಲೆ ಮಾತಿಗೆ ಮಾತು ಬಂದು, ನಾಲ್ಕು ಜನರ ಟೀಮಲ್ಲಿ ಒಬ್ಬರು ಕೆಲಸ ಬಿಟ್ಟು ಹೋಗಿದ್ದು, ಅವರ ಜಾಗಕ್ಕೆ ಯಾರನ್ನೂ ತಗೊಳ್ಳದೆ "ಸದ್ಯಕ್ಕೆ ಅಡ್ಜಸ್ಟ್ ಮಾಡ್ಕೊಳ್ಳಿ" ಅಂದಿದ್ದು, ಅವರ ಕೆಲಸದ ಅರ್ಧ ಇವರ ತಲೆಗೆ ಬಂದಿದ್ದು, ನಾಲ್ಕು ವಾರಕ್ಕೊಮ್ಮೆ ಇದ್ದ ಆನ್‌ಕಾಲ್ ಮೂರು ವಾರಕ್ಕೊಮ್ಮೆ ಆಗಿದ್ದು ಎಲ್ಲ ಹೊರಗೆ ಬಂತು. ಇದು ಅವರಿಗೆ ವಿಶೇಷ ಅನ್ನಿಸಿಯೇ ಇರಲಿಲ್ಲ. ಇದನ್ನ ನಾನು ತುಂಬಾ ಜನರಲ್ಲಿ ನೋಡಿದೀನಿ, ಓಟದಲ್ಲಿ ಅರ್ಧ ಕಿಲೋಮೀಟರ್ ಹೆಚ್ಚು ಕಮ್ಮಿ ಆದ್ರೂ ಬರೆದಿಡೋರು ಆಫೀಸಲ್ಲಿ ವಾರಕ್ಕೆ ಹತ್ತು ಹನ್ನೆರಡು ಗಂಟೆ ಜಾಸ್ತಿ ಕೂತಿದ್ದನ್ನ ಎಲ್ಲೂ ಬರೆಯಲ್ಲ.

ಹಂಗಾಗಿ ಬರೆಯೋಕೆ ಶುರು ಮಾಡಿಸಿದ್ವಿ. ಓಟದ ಡೈರಿಯಲ್ಲೇ ಮೂರು ಕಾಲಂ ಸೇರಿಸಿದ್ದು, ಅಷ್ಟೇ: ಇವತ್ತು ಕೆಲಸ ಎಷ್ಟು ಗಂಟೆ, ರಾತ್ರಿ ಎಷ್ಟು ಸಲ ಫೋನಿಗೆ ಎದ್ರಿ, ಎಷ್ಟು ಗಂಟೆ ನಿದ್ದೆ. ಆರು ವಾರದ ಸರಾಸರಿ ತೆಗೆದಾಗ ವಾರಕ್ಕೆ 53 ಗಂಟೆ ಬಂತು. ಒಪ್ಪಂದದಲ್ಲಿ ಇರೋದು 40.

ಒಂದು ಸಾಲಿನ ಲೆಕ್ಕ, ದೊಡ್ಡ ಹೊಡೆತ

ತಿಂಗಳ ಸಂಬಳ ಚೂರೂ ಕಮ್ಮಿ ಆಗಿರಲಿಲ್ಲ, ಅದಕ್ಕೇ ಅವರಿಗೆ ಏನೋ ಕಳ್ಕೊಂಡ ಭಾವನೆ ಇರಲಿಲ್ಲ. ಆದ್ರೆ 40 ಗಂಟೆಗೆ ಸಿಗ್ತಿದ್ದ ದುಡ್ಡು ಈಗ 53 ಗಂಟೆಗೆ ಸಿಗ್ತಿದೆ ಅಂದ್ರೆ, 40ನ್ನ 53ರಿಂದ ಭಾಗಿಸಿ ನೋಡಿ, 0.75. ಒಂದು ಗಂಟೆ ದುಡಿಮೆಯ ಬೆಲೆ ಕಾಲು ಭಾಗ ಇಳಿದುಹೋಗಿದೆ. ಇನ್ನೂ ಒಂದು ವಿಷಯ ಇದೆ, ಅದು ಬಹಳ ಜನಕ್ಕೆ ಹೊಳೆಯಲ್ಲ: ಕಾಲು ಭಾಗ ಇಳಿದಿದ್ದನ್ನ ವಾಪಸ್ ತರೋಕೆ ಶೇ 25 ಹೈಕ್ ಸಾಲಲ್ಲ, 53ನ್ನ 40ರಿಂದ ಭಾಗಿಸಿದ್ರೆ 1.325, ಅಂದ್ರೆ ಶೇ 32ಕ್ಕಿಂತ ಹೆಚ್ಚು ಬೇಕು. ಆ ವರ್ಷ ಅವರಿಗೆ ಸಿಕ್ಕ ಹೈಕ್ ಶೇ 5, ಅದಕ್ಕೆ ಅವರು ಥ್ಯಾಂಕ್ಸ್ ಮೇಲ್ ಕೂಡ ಕಳಿಸಿದ್ರು. ನಾನು ಹೇಳ್ತಿರೋ ಕಾಲು ಭಾಗ ಆ ಹೈಕ್ ಬಂದಾದ ಮೇಲಿನ ಸಂಬಳದ ಮೇಲೆ, ನೆನಪಿರಲಿ.

ಈ ಲೆಕ್ಕ ನೋಡಿ ಅವರು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಹೇಳಿದ್ರು, ಇಷ್ಟು ದಿನ ನಾನು ಓಡ್ತಾ ಇದ್ದಿದ್ದು ಈ ಕೆಲಸ ತಡ್ಕೊಳ್ಳೋಕೆ ಅಂತ ಈಗ ಅನ್ನಿಸ್ತಿದೆ ಅಂತ.

ನನ್ನ ಪ್ರಕಾರ ಇಡೀ ಕೇಸಿನ ತಿರುಳು ಇದೇ. ಓಟದಿಂದ ಮನಸ್ಸು ಹಗುರ ಆಗತ್ತೆ, ನಿದ್ದೆ ಚೆನ್ನಾಗಿ ಬರತ್ತೆ, ಇದು ನಿಜ, ಇಲ್ಲಾಂದ್ರೆ ನಾನು ಈ ಕೆಲಸ ಮಾಡ್ತಾನೇ ಇರಲಿಲ್ಲ. ಆದ್ರೆ ಕಮ್ಮಿ ಸಂಬಳಕ್ಕೆ, ಖಾಲಿ ಬಿಟ್ಟ ಹುದ್ದೆಗೆ, ನಿದ್ದೆ ಕೆಡಿಸೋ ರೋಸ್ಟರಿಗೆ ಓಟ ಮದ್ದಲ್ಲ. ಓಟವೂ ದೇಹಕ್ಕೆ ಒಂದು ಒತ್ತಡವೇ, ಅದರಿಂದ ಲಾಭ ಆಗೋದು ಆಮೇಲೆ ಸಿಗೋ ವಿಶ್ರಾಂತಿಯಲ್ಲಿ. ಆ ವಿಶ್ರಾಂತಿಯನ್ನೇ ಆಫೀಸು ತಗೊಂಡುಬಿಟ್ರೆ ಓಟ ಕೂಡ ಸಾಲದ ಮೇಲೆ ಸಾಲ.

ಯೊಹಾನೆಸ್ ಸೀಗ್ರಿಸ್ಟ್ ಅನ್ನೋ ವೈದ್ಯಕೀಯ ಸಮಾಜಶಾಸ್ತ್ರಜ್ಞರು 1996ರಲ್ಲಿ ಶ್ರಮ ಮತ್ತು ಪ್ರತಿಫಲದ ಅಸಮತೋಲನ ಅನ್ನೋ ಮಾದರಿ ಮುಂದಿಟ್ರು. ಹಾಕೋ ಶ್ರಮ ಜಾಸ್ತಿ ಇದ್ದು ಸಿಗೋ ಪ್ರತಿಫಲ ಕಮ್ಮಿ ಇದ್ರೆ, ಅದು ದೀರ್ಘಕಾಲ ಹಂಗೇ ಮುಂದುವರಿದ್ರೆ ಆರೋಗ್ಯ ಹದಗೆಡತ್ತೆ, ಹೃದಯದ ಮೇಲೂ ಪರಿಣಾಮ ಆಗತ್ತೆ ಅನ್ನೋದು ಅದರ ಸಾರ. ಪ್ರತಿಫಲ ಅಂದ್ರೆ ಅವರ ಲೆಕ್ಕದಲ್ಲಿ ದುಡ್ಡೊಂದೇ ಅಲ್ಲ, ಮರ್ಯಾದೆ ಮತ್ತು ಮುಂದೆ ಬೆಳೆಯೋ ಅವಕಾಶ, ಕೆಲಸದ ಭದ್ರತೆ ಕೂಡ. ಇವರ ಕೇಸಿಗೆ ಇಟ್ಟು ನೋಡಿದ್ರೆ ದುಡ್ಡು ಇಳಿದಿದೆ, ಹುದ್ದೆ ಬೆಳೆದಿಲ್ಲ, ಇನ್ನು ಮರ್ಯಾದೆ ವಿಷಯ ಮುಂದೆ ಹೇಳ್ತೀನಿ. ಗಂಟೆಗಳ ವಿಚಾರಕ್ಕೆ ಬಂದ್ರೆ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಒಟ್ಟಿಗೆ ಕೊಟ್ಟ ಅಂದಾಜಿನ ಪ್ರಕಾರ, ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯೋರಿಗೆ 35ರಿಂದ 40 ಗಂಟೆ ದುಡಿಯೋರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ 35 ಹೆಚ್ಚು, ರಕ್ತ ಪೂರೈಕೆ ಕಮ್ಮಿಯಾಗಿ ಬರೋ ಹೃದ್ರೋಗದಿಂದ ಸಾಯೋ ಅಪಾಯ ಶೇ 17 ಹೆಚ್ಚು. 2016 ಒಂದೇ ವರ್ಷದಲ್ಲಿ 7 ಲಕ್ಷ 45 ಸಾವಿರ ಸಾವಿಗೆ ಇಂಥ ದೀರ್ಘ ದುಡಿಮೆ ಕಾರಣ ಅಂತ ಅದೇ ವರದಿ ಹೇಳತ್ತೆ. ನಮ್ಮವರು 53ರಲ್ಲಿದ್ರು, ಕೆಲವು ವಾರ 57 ಮುಟ್ಟಿತ್ತು. ದಿನಾ ಓಡ್ತೀನಿ ನನಗೇನಾಗತ್ತೆ ಅನ್ನೋ ಧೈರ್ಯ ಇಲ್ಲಿ ಬೇಡ.

ಮ್ಯಾನೇಜರ್ ಹೇಳಿದ ಮಾತು

ಈ ಲೆಕ್ಕ ಎಲ್ಲ ಮಾಡೋ ಮುಂಚೆಯೇ ಅವರು ಒಂದು ಸಲ ಕೆಲಸ ಜಾಸ್ತಿ ಆಗ್ತಿದೆ ಅಂತ ಮ್ಯಾನೇಜರ್ ಹತ್ರ ಹೇಳಿದ್ರಂತೆ. ಬಂದ ಉತ್ತರ: "ಹಾಫ್ ಮ್ಯಾರಥಾನಿಗೆ ಪ್ರಾಕ್ಟೀಸ್ ಮಾಡೋಕೆ ಟೈಮಿದೆ, ಎನರ್ಜಿ ಇದೆ, ಕೆಲಸಕ್ಕೆ ಮಾತ್ರ ಇಲ್ವಾ?"

ಇದನ್ನ ಕೇಳಿದ್ಮೇಲೆ ಅವರು ಆಫೀಸಲ್ಲಿ ಓಟದ ಸುದ್ದಿ ಎತ್ತೋದೇ ಬಿಟ್ರು, ಭಾನುವಾರದ ಓಟದ ಫೋಟೋ ಹಾಕೋದು ನಿಲ್ಲಿಸಿದ್ರು, ಏನೋ ಕದ್ದು ಮಾಡ್ತಿರೋ ಥರ ಅನ್ನಿಸೋಕೆ ಶುರುವಾಯ್ತಂತೆ. ಇನ್ನೂ ನೋವಿನ ಸಂಗತಿ ಏನಂದ್ರೆ, ಅದೇ ತಿಂಗಳು ಅದೇ ಕಂಪನಿ ನೌಕರರ ಆರೋಗ್ಯಕ್ಕೆ ಅಂತ ಹೆಜ್ಜೆ ಎಣಿಸೋ ಸ್ಪರ್ಧೆ ಇಟ್ಟು, ಇವರಿಗೆ ಮೊದಲ ಬಹುಮಾನ ಕೊಟ್ಟು, ಎಲ್ಲರಿಗೂ ಮೇಲ್ ಕಳಿಸಿ ಹೊಗಳಿತ್ತು. ಖಾಲಿ ಹುದ್ದೆಗೆ ಜನ ತಗೊಳ್ಳಲಿಲ್ಲ. ಒಬ್ಬ ಮನುಷ್ಯ ಬಿಡುವಿನ ಹೊತ್ತಲ್ಲಿ ಏನು ಮಾಡ್ತಾರೆ ಅನ್ನೋದು ಅವರ ದುಡಿಮೆಯ ಬೆಲೆ ಕಟ್ಟೋ ಮಾನದಂಡ ಅಲ್ಲವೇ ಅಲ್ಲ. ಓಡಲಿ, ಮಲಗಲಿ, ಮಕ್ಕಳ ಜೊತೆ ಆಡಲಿ, ಸುಮ್ನೆ ಗೋಡೆ ನೋಡ್ತಾ ಕೂರಲಿ, ಅದು ಅವರ ಹೊತ್ತು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅನ್ನೋ ಮಿತಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಮೊಟ್ಟಮೊದಲ ಒಡಂಬಡಿಕೆಯಲ್ಲೇ ಇದೆ, ಕೈಗಾರಿಕೆಗಳಿಗೆ ಅಂತ 1919ರಲ್ಲಿ ಮಾಡಿದ್ದು. ನೂರು ವರ್ಷದ ಹಿಂದೆಯೇ ಜಗತ್ತು ಒಪ್ಪಿದ ಮಾತನ್ನ ಇವತ್ತು ಒಬ್ಬೊಬ್ಬರೇ ಹೋಗಿ ಕೈಮುಗಿದು ಕೇಳೋ ಸ್ಥಿತಿ ಬಂದಿದೆ.

ಏನು ಬದಲಾಯಿಸಿದ್ವಿ

ಓಟ ಪೂರ್ತಿ ನಿಲ್ಲಿಸ್ಬೇಕಾ ಅಂತ ಅವರೇ ಕೇಳಿದ್ರು. ಬೇಡ ಅಂದೆ. ವಾರದಲ್ಲಿ ಅವರಿಗೆ ಅಂತ ಇದ್ದದ್ದು ಅದೊಂದೇ ಹೊತ್ತು, ಅದನ್ನೂ ಕಿತ್ಕೊಂಡ್ರೆ ಉಳಿಯೋದು ಬರೀ ಆಫೀಸು. ಆದ್ರೆ ಹಾಫ್ ಮ್ಯಾರಥಾನ್ ಕೈಬಿಟ್ವಿ, ಅದೇ ದಿನದ 10 ಕಿ.ಮೀ.ಗೆ ಹೆಸರು ಬದಲಾಯಿಸಿದ್ವಿ. ನಾಲ್ಕು ವಾರ ಟೆಂಪೋ, ಇಂಟರ್ವಲ್ (ನಡುನಡುವೆ ಬಿಡುವು ಕೊಟ್ಟು ಜೋರಾಗಿ ಓಡೋದು) ಯಾವುದೂ ಇಲ್ಲ. ಎಲ್ಲ ಓಟವೂ ಪೂರ್ತಿ ವಾಕ್ಯದಲ್ಲಿ ಮಾತಾಡಿಕೊಂಡು ಹೋಗೋ ವೇಗದಲ್ಲಿ, ಮಾತು ತುಂಡಾದ್ರೆ ನಡಿಗೆ. ಲಾಂಗ್ ರನ್ 110 ನಿಮಿಷದಿಂದ 60ಕ್ಕೆ. ಆನ್‌ಕಾಲ್ ವಾರದಲ್ಲಿ 20ರಿಂದ 30 ನಿಮಿಷದ ಓಟ ಮಾತ್ರ, ಅದೂ ಇಷ್ಟ ಇದ್ರೆ. ರಾತ್ರಿ ಫೋನಿಗೆ ಎದ್ದಿದ್ರೆ ಬೆಳಿಗ್ಗೆ ಅಲಾರಂ ಆಫ್, ನಿದ್ದೆಯೇ ಅವತ್ತಿನ ಟ್ರೈನಿಂಗ್. ಬುಧವಾರದ ಗುಂಪಿನ ಓಟ ಮಾತ್ರ ಮುಟ್ಟಲಿಲ್ಲ, ಯಾಕಂದ್ರೆ ಅದಕ್ಕೆ ಅವರು ಕಾಯ್ತಿದ್ರು. ಇಷ್ಟು ಇಳಿಸಿದ್ರೂ ಮಾಮೂಲಿ ವಾರದಲ್ಲಿ ಎರಡೂವರೆ ಗಂಟೆ ಓಟ ಉಳೀತು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ಹೇಳೋದೇ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಚಟುವಟಿಕೆ, ಇಲ್ಲಾ 75ರಿಂದ 150 ನಿಮಿಷ ಜೋರಿನದು. ಆರೋಗ್ಯಕ್ಕೆ ಬೇಕಾದ್ದು ಕೈತಪ್ಪಲಿಲ್ಲ, ತಪ್ಪಿದ್ದು ಒಂದು ಟೈಮ್ ಟಾರ್ಗೆಟ್ ಅಷ್ಟೇ. ಅದು ಕೂಡ ಅವರಿಗೆ ಬೇಜಾರಾಯ್ತು, ಆ ಬೇಜಾರನ್ನ ನಾನು ಸಣ್ಣದು ಅನ್ನಲ್ಲ.

ಊಟಕ್ಕೆ ಕ್ಯಾಲೆಂಡರಿನಲ್ಲಿ 40 ನಿಮಿಷ ಬ್ಲಾಕ್ ಮಾಡಿದ್ರು. ಮೊದಲ ವಾರ ಎರಡು ಸಲ ಅದರ ಮೇಲೇ ಮೀಟಿಂಗ್ ಹಾಕಿದ್ರು, ಇವರು ಬೇರೆ ಟೈಮ್ ಸೂಚಿಸಿ ವಾಪಸ್ ಕಳಿಸಿದ್ರು, ಆಮೇಲೆ ಯಾರೂ ಹಾಕಲಿಲ್ಲ.

ಸಂಬಳದ ಮಾತಿಗೆ ತಯಾರಿ ಬೇರೆಯೇ. ಸಂಬಳದ ಮೀಟಿಂಗ್ ಆನ್‌ಕಾಲ್ ವಾರದಲ್ಲಿ ಇಟ್ಕೋಬೇಡಿ ಅಂತ ಒಂದು ಮಾತು ನಾನು ಹೇಳಿದ್ದೆ, ನಿದ್ದೆ ಇಲ್ಲದ ತಲೆಯಲ್ಲಿ ಅಳುನೂ ಬರತ್ತೆ ಸಿಟ್ಟೂ ಬರತ್ತೆ, ಎರಡೂ ಅವರ ವಿರುದ್ಧವೇ ಬಳಕೆಯಾಗತ್ತೆ. ಉಳಿದದ್ದೆಲ್ಲ ಅವರದ್ದೇ ಕೆಲಸ. ಒಂದೇ ಪುಟ. ಎಡಗಡೆ ನೇಮಕಾತಿ ಪತ್ರದಲ್ಲಿ ಇರೋ ಕೆಲಸಗಳು, ಬಲಗಡೆ ಈಗ ಮಾಡ್ತಿರೋ ಕೆಲಸಗಳು, ಯಾವ ತಾರೀಖಿಂದ ಸೇರಿದ್ದು ಅಂತ. ಕೆಳಗೆ ಆರು ವಾರದ ಗಂಟೆಗಳು, ರಾತ್ರಿ ಬಂದ ಕರೆಗಳ ಸಂಖ್ಯೆ. ಅದರ ಕೆಳಗೆ ಬೇಡಿಕೆ: ಒಂದೋ ಖಾಲಿ ಹುದ್ದೆ ತುಂಬಿ, ಇಲ್ಲಾ ಈ ಪಟ್ಟಿಯಲ್ಲಿ ಯಾವ ಕೆಲಸ ಬಿಡಬೇಕು ಅಂತ ಬರೆದುಕೊಡಿ, ಎರಡರಲ್ಲಿ ಒಂದಾದ್ರೂ ಆಗೋವರೆಗೆ ಸಂಬಳ ಶೇ 20 ಏರಿಸಿ, ಜೊತೆಗೆ ರಾತ್ರಿ ಕರೆಗೆ ಭತ್ಯೆ ಮತ್ತು ಮಾರನೇ ದಿನ ತಡವಾಗಿ ಬರೋ ಅವಕಾಶ ಕೊಡಿ. ಇಡೀ ಪುಟದಲ್ಲಿ ಸುಸ್ತು, ಒತ್ತಡ, ಓಟ ಅನ್ನೋ ಒಂದು ಪದವೂ ಇರಲಿಲ್ಲ. ಅದು ಅವರದ್ದೇ ತೀರ್ಮಾನ, ನನಗೆ ತುಂಬಾ ಹಿಡಿಸ್ತು. ಸುಸ್ತು ಅಂದ್ರೆ ಎದುರಿಗಿರೋರು ನಿಮ್ಮ ಶಕ್ತಿ ಬಗ್ಗೆ ಮಾತಾಡ್ತಾರೆ, ಕೆಲಸದ ಪಟ್ಟಿ ಇಟ್ರೆ ಕೆಲಸದ ಬಗ್ಗೆ ಮಾತಾಡಲೇಬೇಕಾಗತ್ತೆ.

ಇದರ ಮಧ್ಯೆ ಇನ್ನೊಂದು ವಿಷಯ ಗೊತ್ತಾಯ್ತು. ಪಕ್ಕದ ಟೀಮಿಗೆ ಅದೇ ದರ್ಜೆಗೆ, ಅದೇ ಥರದ ಕೆಲಸಕ್ಕೆ, ಕಮ್ಮಿ ಅನುಭವದ ಒಬ್ಬರನ್ನ ತಗೊಂಡಿದ್ರು, ಅವರಾಗಿ ಅವರೇ ತಮ್ಮ ಸಂಬಳ ಹೇಳಿದ್ರು, ಇವರಿಗಿಂತ ಶೇ 18 ಜಾಸ್ತಿ. ಗಂಡಸು. ಸಮಾನ ಮೌಲ್ಯದ ಕೆಲಸಕ್ಕೆ ಗಂಡು ಹೆಣ್ಣಿಗೆ ಸಮಾನ ವೇತನ ಅನ್ನೋ ಅದೇ ಕಾರ್ಮಿಕ ಸಂಘಟನೆಯ ಒಡಂಬಡಿಕೆ 1951ರದು, ಅದರ ಸಂಖ್ಯೆ 100. ಇಲ್ಲಿ ಕಾರಣ ಹೆಣ್ಣು ಅನ್ನೋದೇ, ಅಥವಾ ಹಳಬರಿಗೆ ಕಮ್ಮಿ ಹೊಸಬರಿಗೆ ಜಾಸ್ತಿ ಅನ್ನೋ ಎಲ್ಲ ಕಡೆ ಇರೋ ಚಾಳಿಯೇ ಅಂತ ಒಂದೇ ಉದಾಹರಣೆಯಿಂದ ಹೇಳೋಕಾಗಲ್ಲ. ಆದ್ರೆ ಅಂತರ ಅಂತರವೇ. ಹೇಳಿದವರ ಹೆಸರು ಹೊರಗೆ ಬರಬಾರದು ಅಂತ ಇವರು ಆ ಅಂಕಿಯನ್ನ ಪುಟದಲ್ಲಿ ಹಾಕಲಿಲ್ಲ, ಬದಲಿಗೆ ಅದೇ ಹುದ್ದೆಗೆ ಬಹಿರಂಗವಾಗಿ ಬಂದಿದ್ದ ಜಾಹೀರಾತುಗಳ ಸಂಬಳದ ಶ್ರೇಣಿ ಹಾಕಿದ್ರು. ಸಂಬಳ ಪರಸ್ಪರ ಹೇಳಿಕೊಳ್ಳೋ ವಿಚಾರದಲ್ಲಿ ನಿಮ್ಮ ಒಪ್ಪಂದ, ನಿಮ್ಮಲ್ಲಿಯ ಕಾನೂನು ಏನನ್ನತ್ತೆ ಅಂತ ಓದಿಕೊಂಡೇ ಮುಂದುವರೀಬೇಕು.

ಆಗಿದ್ದು

ಮೊದಲ ಮೀಟಿಂಗಲ್ಲಿ ಬಜೆಟ್ ಇಲ್ಲ ಅಂತ ಉತ್ತರ. ಇವರು ವಾದ ಮಾಡಲಿಲ್ಲ, "ಹಾಗಾದ್ರೆ ಪಟ್ಟಿಯಲ್ಲಿ ಯಾವುದನ್ನ ಬಿಡಲಿ ಅಂತ ಮೇಲಲ್ಲಿ ತಿಳಿಸಿ" ಅಂತ ಕೇಳಿ ಎದ್ದುಬಂದ್ರು. ಆ ಮೇಲ್ ಬರಲೇ ಇಲ್ಲ, ಯಾಕಂದ್ರೆ ಬಿಡೋಕಾಗೋ ಕೆಲಸ ಯಾವುದೂ ಇರಲಿಲ್ಲ. ಎರಡು ವಾರ ಬಿಟ್ಟು ಮ್ಯಾನೇಜರ್ ಮೇಲಿನವರ ಜೊತೆ ಇನ್ನೊಂದು ಮೀಟಿಂಗ್. ಮೊದಲು ಸಿಕ್ಕಿದ್ದು ರಾತ್ರಿ ಕರೆಗೆ ಭತ್ಯೆ ಮತ್ತು ಮಾರನೇ ದಿನ ಮಧ್ಯಾಹ್ನದವರೆಗೆ ರಜೆ. ಅದಾಗಿ ಎರಡು ತಿಂಗಳಿಗೆ ಸಂಬಳ ಶೇ 11 ಏರ್ತು, ಅಷ್ಟೊತ್ತಿಗೆ ಖಾಲಿ ಹುದ್ದೆಗೂ ಒಬ್ಬರು ಬಂದಿದ್ರು. ಹಿಂದೆ ದುಡಿದ ಹೆಚ್ಚುವರಿ ಗಂಟೆಗಳಿಗೆ ಏನೂ ಸಿಗಲಿಲ್ಲ.

ನಾಡಿಯ ಲೆಕ್ಕ ಕುತೂಹಲದ್ದು. ಓಟ ಇಳಿಸಿದ ಮೂರು ವಾರದಲ್ಲಿ ಅದು 65ರಿಂದ 62ಕ್ಕೆ ಬಂದು ಅಲ್ಲೇ ಅಂಟಿಕೊಂಡು ನಿಲ್ತು. ರಾತ್ರಿ ಕರೆ ಆದ ಮಾರನೇ ದಿನ ಮಲಗೋಕೆ ಸಿಗೋಕೆ ಶುರುವಾದ್ಮೇಲೆ 58ಕ್ಕೆ ಇಳೀತು. ಓಟದಲ್ಲಿ ಆ ಹೊತ್ತಿಗೆ ಏನೂ ಬದಲಾಯಿಸಿರಲಿಲ್ಲ. ಇದು ಒಬ್ಬರದ್ದೇ ಲೆಕ್ಕ, ಊಟ ಕೂಡ ಸರಿಹೋಗಿತ್ತು, ಹಂಗಾಗಿ ಇದೇ ಕಾರಣ ಅಂತ ಸಾಬೀತು ಮಾಡೋಕಾಗಲ್ಲ. ಆದ್ರೂ ಟ್ರೈನಿಂಗ್ ಪ್ಲಾನ್ ತಿದ್ದೋದ್ರಿಂದ ಆಗದೇ ಇದ್ದಿದ್ದು ರೋಸ್ಟರ್ ತಿದ್ದೋದ್ರಿಂದ ಆಯ್ತು ಅಂತಲೇ ನಾನು ಇದನ್ನ ಓದ್ತೀನಿ. ಕಾಲು ನೋವು ಓಟ ಇಳಿಸಿದ ಆರನೇ ವಾರಕ್ಕೆ ಹೋಯ್ತು. 10 ಕಿ.ಮೀ. 1 ಗಂಟೆ 1 ನಿಮಿಷದಲ್ಲಿ ಮುಗಿಸಿದ್ರು, ಈಸಿ ರನ್‌ಗೆ ಮತ್ತೆ 3 ಅಂತ ಬರೆಯೋಕೆ ಶುರು ಮಾಡಿದಾರೆ.

ಈಗ ವಾರಕ್ಕೆ ಸರಾಸರಿ 45 ಗಂಟೆ. ಶೇ 11 ಏರಿದ ಸಂಬಳವನ್ನ 45ಕ್ಕೆ ಹಂಚಿ ನೋಡಿದ್ರೆ, ಗಂಟೆಯ ಬೆಲೆ ಗಲಾಟೆ ಶುರುವಾಗೋ ಮುಂಚಿನದ್ದರ ಶೇ 98.7. ಅಂದ್ರೆ ಭತ್ಯೆ ಬಿಟ್ಟು ನೋಡಿದ್ರೆ, ಎಲ್ಲರೂ ಕಂಗ್ರಾಟ್ಸ್ ಹೇಳಿದ ಆ ಹೈಕ್ ಅವರನ್ನ ಹೊರಟ ಜಾಗಕ್ಕೂ ಪೂರ್ತಿ ವಾಪಸ್ ತಂದಿಲ್ಲ, ಪಕ್ಕದ ಟೀಮಿನವರ ಜೊತೆ ಇನ್ನೂ ಶೇ 6 ಅಂತರ ಇದೆ. ಮುಂದಿನ ರಿವ್ಯೂಗೆ ಈ ಎರಡು ಅಂಕಿ ಬರೆದಿಟ್ಟುಕೊಂಡಿದಾರೆ, ಗಂಟೆಗಳ ಕಾಲಂ ಡೈರಿಯಲ್ಲಿ ಹಂಗೇ ಮುಂದುವರಿದಿದೆ, ಬೇರೆ ಕಡೆ ಅರ್ಜಿನೂ ಹಾಕ್ತಿದಾರೆ. ಹಾಫ್ ಮ್ಯಾರಥಾನ್ ಪ್ಲಾನ್ ಮತ್ತೆ ಯಾವಾಗ ಶುರು ಅಂತ ಕೇಳಿದ್ರು, ಹೊಸಬರು ಆನ್‌ಕಾಲ್ ಸರದಿಗೆ ಸೇರಿದ ವಾರದಿಂದ ಅಂತ ಒಪ್ಪಿಕೊಂಡಿದೀವಿ.